ವಲ್ಲಿಯ ಕೆಳಗಿನ ಬೆಲೆ

ಒಮ್ಮೆ ಮುಗಿದ ಮಾತನ್ನು ಮತ್ತೆ ಎತ್ತಬಹುದು ಅನ್ನುವುದೇ ನನಗೆ ಆವರೆಗೆ ಗೊತ್ತಿರಲಿಲ್ಲ. ಎಲೆ-ಅಡಿಕೆ ಬದಲಾಯಿಸಿ, ಮುಂಗಡ ಕೊಟ್ಟು, ಪತ್ರ ಬರೆಸಲು ಒಳ್ಳೆಯ ದಿನವನ್ನೂ ನೋಡಿಸಿ ಆಗಿತ್ತು. ಆರು ಸಾವಿರ ರೂಪಾಯಿ. ಹರಿಹರದಲ್ಲಿ ಹೊಳೆಗೆ ಹತ್ತಿರದ ಓಣಿ. ಪಡಸಾಲೆ, ಎರಡು ಕೋಣೆ, ಅಡಿಗೆಮನೆ, ಹಿಂದೆ ಹಿತ್ತಲು. ನಾನಂತೂ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಎಲ್ಲಿಂದ ಎಲ್ಲಿಗೆ ಕಟ್ಟಬೇಕು ಅನ್ನುವುದನ್ನೂ ತೀರ್ಮಾನಿಸಿಬಿಟ್ಟಿದ್ದೆ.

ಆ ಮನೆ ನನಗೆ ಬೇಕೇ ಬೇಕಿತ್ತು. ಅರವತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ದಾವಣಗೆರೆಯಲ್ಲಿ, ಮಾವನವರ ಮನೆಯಲ್ಲಿ. ನಮ್ಮ ಮನೆಯವರಿಗೆ ಕೆಲಸ ಹರಿಹರದ ಒಂದು ಕಾರ್ಖಾನೆಯಲ್ಲಿ. ಮಗಳು ಏಳುವ ಮೊದಲೇ ರೈಲು ಹಿಡಿಯುತ್ತಿದ್ದರು, ಅವಳು ಮಲಗಿದ ಮೇಲೆ ಬರುತ್ತಿದ್ದರು. ಎರಡು ವರ್ಷದ ಕೂಸು ಅಪ್ಪನನ್ನು ಕಂಡರೆ ನೆಂಟರನ್ನು ಕಂಡ ಹಾಗೆ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿತ್ತು. ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಮಾವನವರು ಹತ್ತಿ ವ್ಯಾಪಾರದ ದಲ್ಲಾಳಿ. ಅವರ ವ್ಯಾಪಾರ ನಡೆಯುತ್ತಿದ್ದದ್ದು ಬಾಯಲ್ಲಲ್ಲ, ಬೆರಳಲ್ಲಿ. ಕೊಳ್ಳುವವನ ಕೈ, ಮಾರುವವನ ಕೈ ಎರಡರ ಮೇಲೂ ಹೆಗಲ ಮೇಲಿನ ವಲ್ಲಿ ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುವುದು. ಒಂದು ಬೆರಳೆಂದರೆ ಇಷ್ಟು, ಅಂಗೈ ಪೂರ್ತಿ ಹಿಡಿದರೆ ಇಷ್ಟು. ಸುತ್ತ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಆ ಮನೆ ಮಾರುತ್ತಿದ್ದಾಕೆಯ ಗಂಡನೂ ಅದೇ ಪೇಟೆಯಲ್ಲಿ ಮಾವನವರ ಪಕ್ಕದಲ್ಲೇ ಕೂತು ದಲ್ಲಾಳಿ ಮಾಡಿದವರು. ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಈಗ ಮಗಳ ಮದುವೆಯ ಖರ್ಚಿಗೆಂದು ಆಕೆ ಮನೆ ಮಾರಿ, ಮದುವೆ ಮುಗಿದ ಮೇಲೆ ಗುತ್ತೂರಿನಲ್ಲಿದ್ದ ತಮ್ಮನ ಮನೆ ಸೇರುವವರಿದ್ದರು.

ಪತ್ರದ ದಿನ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ನಾನೂ ಹಟ ಮಾಡಿ ಹೋದೆ. ಆ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಪತ್ರ ಬರೆಯುವವರು ಛಾಪಾ ಕಾಗದ ಮುಂದಿಟ್ಟುಕೊಂಡು ಗಡಿ ಚೆಕ್ಕುಬಂದಿ ಎಲ್ಲ ಬರೆದು, "ಮೊಬಲಗು ಎಷ್ಟಂತ ಹಾಕ್ಲಿ?" ಎಂದು ತಲೆ ಎತ್ತಿದರು.

"ತಡೀರಿ" ಅಂದರು ಮಾವನವರು.

ಅಂದವರೇ ಹೆಗಲ ವಲ್ಲಿ ತೆಗೆದು, ಆಕೆಯ ತಮ್ಮನ ಕಡೆ ಕೈ ಚಾಚಿದರು. ನನಗೆ ಏನೂ ತಿಳಿಯಲಿಲ್ಲ. ಮುಗಿದ ವ್ಯಾಪಾರಕ್ಕೆ ವಲ್ಲಿ ಯಾಕೆ? ಆ ತಮ್ಮ ಹೊಲದ ಮನುಷ್ಯ, ಅಂಗೈ ಹಿಡಿದರೆ ಐನೂರು ಅನ್ನುವಷ್ಟು ಗೊತ್ತು, ಪೇಟೆಯ ಗುಟ್ಟಿನ ರೀತಿ ಅರಿಯದವನು. ವಲ್ಲಿಯೊಳಗೆ ಕೈ ಇಟ್ಟವನು ಬಿಸಿ ತಾಗಿದವನಂತೆ ಹಿಂದಕ್ಕೆಳೆದುಕೊಂಡು, "ಅಕ್ಕಾ, ಐನೂರು ಕಮ್ಮಿ ಕೇಳಾಕತ್ತಾರೆ!" ಎಂದು ಕೂಗಿಬಿಟ್ಟ.

ನಮ್ಮ ಮನೆಯವರು ತಗ್ಗಿದ ದನಿಯಲ್ಲಿ, "ಅಪ್ಪಾ, ಮಾತಾಗಿತ್ತಲ್ಲ" ಅಂದರು. ಮಾವನವರು ಅಷ್ಟೇ ತಗ್ಗಿಸಿ, "ಲಗ್ನಪತ್ರಿಕಿ ಹಂಚ್ಯಾರೆ. ಇನ್ನ ಬ್ಯಾರೆ ಗಿರಾಕಿ ಹುಡುಕ್ತಾರೇನು? ನೀ ಸುಮ್ಕಿರು" ಅಂದರು. ಇವರು ಸುಮ್ಮನಾದರು. ತಂದೆಯ ಮುಂದೆ ಸುಮ್ಮನಾಗುವುದರಲ್ಲಿ ಇವರನ್ನು ಮೀರಿಸುವವರಿರಲಿಲ್ಲ. ನಾನು ಕೇಳಿದ್ದು ನಿಜವೇ ಎಂದು ಮಾವನವರ ಮುಖ ನೋಡಿದೆ. ದಿನಾ ಪೂಜೆಗೆ ಕೂರುವ ಮುಖವೇ ಅದು, ಏನೂ ಬದಲಾಗಿರಲಿಲ್ಲ. ಬಾಯಿಬಿಟ್ಟು ಇಳಿಸಿದರೆ ಅದು ಮಾತಿಗೆ ತಪ್ಪಿದಂತೆ, ವಲ್ಲಿಯ ಕೆಳಗೆ ಇಳಿಸಿದರೆ ವ್ಯಾಪಾರ. ಅವರ ಲೆಕ್ಕ ಅಷ್ಟೇ.

ಬಾಗಿಲ ಹಿಂದೆ ನಿಂತಿದ್ದ ಆಕೆ ಹೊರಗೆ ಬಂದು ಚಾಪೆಯ ಮೇಲೆ ಕೂತರು. "ನನ್ನ ತಮ್ಮಗೆ ಬೆರಳಿನ ವ್ಯಾಪಾರ ಬರಂಗಿಲ್ಲ ಅಣ್ಣಾರೆ. ನಂಗೆ ಬರ್ತೈತೆ. ಮನೆಯವ್ರು ಕಲಿಸಿದ್ರು. ತರ್ರಿ ವಲ್ಲಿ" ಅಂದು ಕೈ ಮುಂದೆ ಮಾಡಿದರು.

ಹೆಂಗಸೊಬ್ಬಳು ವಲ್ಲಿಗೆ ಕೈ ಚಾಚಿದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಮಾವನವರು ಕೈ ಹಿಂದಕ್ಕೆ ಸರಿಸಿಕೊಂಡರು. ಪರರ ಮನೆಯ ಹೆಣ್ಣುಮಗಳ ಕೈ ಹಿಡಿಯುವುದು ಹೇಗೆ? ವಲ್ಲಿ ಹಾಸಿದವರು ಅವರೇ, ಮಡಿಚಿಡುವಂತೆಯೂ ಇಲ್ಲ. ಅತ್ತಿತ್ತ ನೋಡಿದವರು ಕೊನೆಗೆ ನನ್ನನ್ನು ನೋಡಿ, ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು.

"ನೀ ಬಾರವ್ವಾ. ಅಂಗೈ ಪೂರ್ತಿ ಹಿಡಿ. ಅದು ಐನೂರು. ಅಷ್ಟು ಇಳಿಸ್ಬೇಕು."

ಹೋಗಿ ಕೂತು, ಬಲಗೈ ವಲ್ಲಿಯೊಳಗೆ ಇಟ್ಟು, ಆಕೆಯ ಅಂಗೈ ಹಿಡಿದೆ. ಆಕೆ ತಿರುಗಿ ಹಿಡಿಯಲಿಲ್ಲ. ಕಣ್ಣು ಗೋಡೆಯ ಮೇಲಿತ್ತು. ಬೆರಳುಗಳು ಮಾತ್ರ ನನ್ನ ಬೆರಳುಗಳನ್ನು ದಾಟಿ, ಅಂಗೈ ದಾಟಿ, ಮಣಿಕಟ್ಟಿಗೆ ಬಂದು, ನನ್ನ ಚಿನ್ನದ ಪಾಟಲಿಯನ್ನು ಹಿಡಿದು ಒಮ್ಮೆ ಎಳೆದವು.

ಬಳೆ ಸಿಕ್ಕಿಕೊಂಡಿರಬೇಕು ಅಂದುಕೊಂಡೆ. ಮತ್ತೊಮ್ಮೆ ಎಳೆದರು. ಈ ಸಲ ಸಂಶಯವಿರಲಿಲ್ಲ. ಅಲ್ಲಿ ಐನೂರು ಬಿಡುತ್ತೇನೆ, ಇಲ್ಲಿ ಇದನ್ನು ಕೊಡು. ತವರಿನಲ್ಲಿ ಅಪ್ಪ ಮಾಡಿಸಿ ಹಾಕಿದ್ದ ಪಾಟಲಿ ಅದು. ಆಗಿನ ಚಿನ್ನದ ದರಕ್ಕೆ ಹೆಚ್ಚುಕಡಿಮೆ ಅಷ್ಟೇ ಬೆಲೆ. ಬೆರಳಲ್ಲೇ ತೂಗಿಬಿಟ್ಟಿದ್ದರು. ಎಂಥ ಎದೆಗಾರಿಕೆ! ಕಿರುಚಬೇಕೆನಿಸಿತು. ಕೈ ಎಳೆದುಕೊಂಡರೆ ಮನೆ ಹೋಗುತ್ತದೆ, ಮಗಳು ಅಪ್ಪನಿಗೆ ಹೆದರುತ್ತಲೇ ದೊಡ್ಡವಳಾಗುತ್ತಾಳೆ. ಸಿಟ್ಟು ನೆತ್ತಿಗೇರಿತ್ತು. ಆ ಸಿಟ್ಟಿನ ನಡುವೆಯೇ ಹೊಳೆಯಿತು: ಈ ಹೆಂಗಸು ಹೆಚ್ಚಿಗೆ ಏನು ಕೇಳುತ್ತಿದ್ದಾಳೆ? ಎಲೆ-ಅಡಿಕೆ ಕೊಟ್ಟು ನಾವೇ ಒಪ್ಪಿದ ಬೆಲೆಯನ್ನಲ್ಲವೇ?

ಹೆಬ್ಬೆರಳನ್ನು ಅಂಗೈಯೊಳಗೆ ಮಡಿಚಿದೆ. ನಾನಾಗ ಸಣಕಲಿ, ಪಾಟಲಿ ಸಲೀಸಾಗಿ ಆಕೆಯ ಕೈಗೆ ಜಾರಿತು. ಆಮೇಲೆ ಆಕೆ, ಒಪ್ಪಿದೆ ಅನ್ನುವಂತೆ, ನನ್ನ ಅಂಗೈಯನ್ನು ಗಟ್ಟಿಯಾಗಿ ಹಿಡಿದರು. ಕೈ ಹೊರಗೆ ತೆಗೆಯುವಾಗಲೇ ಸೆರಗಿನಲ್ಲಿ ಸುತ್ತಿಕೊಂಡು, "ಐನೂರು ಬಿಟ್ರು" ಅಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು.

"ಭೇಷ್!" ಅಂದರು ಮಾವನವರು. ಐದೂವರೆ ಸಾವಿರ ಎಂದು ಬರೆದದ್ದಾಯಿತು, ಕಚೇರಿಗೆ ಹೋಗಿ ನೋಂದಣಿಯೂ ಆಯಿತು.

ಆ ಸಂಜೆ ದಾವಣಗೆರೆಯ ಮನೆಯಲ್ಲಿ ಮಾವನವರ ಖುಷಿ ನೋಡಬೇಕಿತ್ತು. ಊಟಕ್ಕೆ ಕೂತವರು ಅತ್ತೆಗೆ ನನ್ನ ವ್ಯಾಪಾರವನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು. ನಾನು ಅನ್ನ ಬಡಿಸಲು ಬಗ್ಗಿದೆ. ಅವರ ಕಣ್ಣು ನನ್ನ ಕೈ ಮೇಲೆ ಬಿತ್ತು.

"ಬಲಗೈ ಪಾಟ್ಲಿ ಎಲ್ಲೈತವ್ವಾ?"

ಸುಳ್ಳು ಹೇಳಬಹುದಿತ್ತು. ಬೆಳಗಿನಿಂದ ನುಂಗಿಕೊಂಡದ್ದು ಒಮ್ಮೆಗೇ ಹೊರಬಿತ್ತು. "ನೀವು ಉಳಿಸಿದ ಐನೂರು ಅದೇ ರೀ ಮಾವಾರೇ. ವಲ್ಲಿ ಒಳಗ ಕೇಳಿದ್ರು, ಕೊಟ್ಟೆ."

ಕಲಸಿದ ಅನ್ನ ಅವರ ಕೈಯಲ್ಲೇ ಉಳಿಯಿತು. ಬೈಯುತ್ತಾರೆಂದು ಕಾದೆ. ಅವರು ನನ್ನ ಬರಿಗೈಯನ್ನೇ ನೋಡುತ್ತ ಕೂತರು. ಸೊಸೆಯ ಮೈಮೇಲಿನ ಚಿನ್ನ ಇಳಿಸಿ ಮನೆ ಕೊಂಡ ದಲ್ಲಾಳಿ ಎಂದು ಪೇಟೆಯಲ್ಲಿ ಯಾರಾದರೂ ಆಡಿಕೊಂಡರೆ ಅವರು ತಲೆ ಎತ್ತುವಂತಿರಲಿಲ್ಲ. ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಮರುದಿನ ಬೆಳಗಿನ ರೈಲಿಗೆ ನನ್ನನ್ನೂ ಕರೆದುಕೊಂಡು ಹರಿಹರಕ್ಕೆ ಹೊರಟರು. ಐನೂರು ರೂಪಾಯಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಹಿಡಿದಿದ್ದರು. ಆಕೆ ಬಾಗಿಲು ತೆರೆದು, "ಬರ್ರಿ, ಕೂಡ್ರಿ" ಅಂದರು, ಏನೂ ಆಗೇ ಇಲ್ಲವೆಂಬಂತೆ. ಮಾವನವರು ಕೂರಲಿಲ್ಲ. ಗಂಟನ್ನು ಮುಂದೆ ಚಾಚಿ, "ತಪ್ಪಾತು ತಂಗಿ. ಇದನ್ನ ತಗೊಂಡು ಆ ಪಾಟ್ಲಿ ಕೊಟ್ಬಿಡ್ರಿ. ಆರು ಸಾವಿರ ಅಂದಿದ್ದೆ, ಆರು ಸಾವಿರ ಕೊಟ್ಟಂಗಾತು" ಅಂದರು.

ಅವರು ಇನ್ನೊಬ್ಬರ ಮುಂದೆ ತಪ್ಪಾಯಿತು ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸರಿಹೋಯಿತು, ಪಾಟಲಿ ಬಂತು ಅಂದುಕೊಂಡೆ.

ಆಕೆ ಗಂಟಿನ ಕಡೆ ನೋಡಲೂ ಇಲ್ಲ.

"ಬ್ಯಾಡ ಅಣ್ಣಾರೆ. ಮನಿ ಪೂರ್ತಿ ಬೆಲಿ ನಂಗೆ ಬಂದೈತೆ. ಈಗ ಇದನ್ನ ತಗೊಂಡ್ರೆ ನೀವು ಕೊಟ್ಟಂಗಾಗ್ತೈತೆ. ನೀವು ಕೊಡ್ಲಿಲ್ಲ. ಈಕಿ ಕೊಟ್ಲು. ಅದು ಹಂಗೇ ಇರ್ಲಿ."

ದನಿ ಏರಿರಲಿಲ್ಲ. ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದು ಕಟ್ಟೆಯ ಮೇಲಿಟ್ಟರು. ಮಾವನವರ ಕೈ ಇನ್ನೂ ಚಾಚಿಯೇ ಇತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವರಿಗೆ ಮರೆತೇಹೋದಂತಿತ್ತು. ನನಗೆ ನೋಡಲಾಗಲಿಲ್ಲ.

ವಾಪಸ್ಸು ರೈಲಿನಲ್ಲಿ ಅವರು ಗಂಟನ್ನು ನನ್ನ ಮಡಿಲ ಕಡೆ ಸರಿಸಿ, "ನೀನಾದ್ರೂ ತಗೊಳವ್ವಾ. ಬ್ಯಾರೆ ಪಾಟ್ಲಿ ಮಾಡಿಸ್ಕೊ" ಅಂದರು. ದೊಡ್ಡವರು, ಕಣ್ಣಲ್ಲಿ ನೀರಿತ್ತು. ನನಗೆ ಅಯ್ಯೋ ಅನ್ನಿಸಿತು. ಕೈ ಮಾತ್ರ ಮುಂದೆ ಹೋಗಲಿಲ್ಲ. ದಾವಣಗೆರೆ ಬರುವವರೆಗೂ ಆ ಗಂಟು ನಮ್ಮಿಬ್ಬರ ನಡುವೆ ಸೀಟಿನ ಮೇಲೇ ಇತ್ತು.