ವಾಸನೆಯಿಲ್ಲದ ಮದ್ದು

ಕನಕಪುರದಾಚೆಯ ತಮ್ಮ ಊರಿನಲ್ಲಿ ಮುನಿರತ್ನಮ್ಮ ಮದುವೆಯಾಗಿ ಬಂದಾಗಿನಿಂದಲೂ ರೇಷ್ಮೆಹುಳು ಸಾಕುತ್ತಿದ್ದರು. ಹುಳುಮನೆಗೆ ವಾಸನೆ ಆಗದು ಎಂಬುದು ಅವರ ಕಟ್ಟುನಿಟ್ಟು. ಮುಲಾಮು, ಇಂಗು, ಬೆಳ್ಳುಳ್ಳಿ, ಯಾವುದನ್ನೂ ಮುಟ್ಟಿ ಒಳಗೆ ಹೋಗುವಂತಿರಲಿಲ್ಲ. ಬೀಡಿ ಸೇದುವ ಗಂಡ ಕೆಂಚಯ್ಯನಿಗೆ ಹೊಸಿಲಿನಾಚೆಯೇ ಜಾಗ.

ಆದ್ದರಿಂದಲೇ, ಮಹಿಳಾ ಸಂಘದ ಶಿಬಿರದಲ್ಲಿ ಕಲಿತ ಚೀನೀಯರ ಒತ್ತುಚಿಕಿತ್ಸೆ ಅವರಿಗೆ ಹಿಡಿಸಿತು. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಎಲುಬಿನ ಹೊರಬದಿಗೆ ಹೆಬ್ಬೆರಳೊತ್ತುವುದು. ಬಳಿಕ ಹೊಕ್ಕುಳ ಸುತ್ತ ಗಡಿಯಾರದ ಮುಳ್ಳಿನಂತೆ ಅಂಗೈಯಾಡಿಸುವುದು. ಹೊಟ್ಟೆಯುಬ್ಬರ ಇಳಿಯುತ್ತಿದ್ದುದು ಸುಳ್ಳಲ್ಲ. ಅದು ತಾನಾಗಿಯೂ ಇಳಿಯುವಂಥದ್ದು. ಇಳಿಸಿದ್ದು ಯಾವುದೆಂದು ಯಾರೂ ಬೇರ್ಪಡಿಸಿ ನೋಡಿರಲಿಲ್ಲ. ಜ್ವರವಿದ್ದರೆ, ನೋವು ಹೆಚ್ಚಿದರೆ ಒತ್ತದೆ ವೈದ್ಯರಲ್ಲಿಗೆ ಹೋಗಿ ಎಂದು ಕಲಿಸಿದಾಕೆ ಹೇಳಿದ್ದಳು. ಅಲ್ಲಿಯವರೆಗೆ ಬೇಕಾಗಿರದ ಆ ಮಾತು ಮುನಿರತ್ನಮ್ಮನ ನೆನಪಿನಲ್ಲಿ ಉಳಿಯಲಿಲ್ಲ.

ಈ ಸಲ ಹುಳುಗಳು ಇನ್ನೇನು ಹಣ್ಣಾಗಿ, ಬಿದಿರಿನ ತಟ್ಟಿಯಾದ ಚಂದ್ರಿಕೆಯಲ್ಲಿ ಗೂಡು ಕಟ್ಟಬೇಕು ಎನ್ನುವಾಗ ಹೊಕ್ಕುಳ ಸುತ್ತ ನೋವು ಶುರುವಾಯಿತು. ಒತ್ತಿಕೊಂಡರು. ಮರುದಿನ ನೋವು ಕಿಬ್ಬೊಟ್ಟೆಯ ಬಲಕ್ಕೆ ಇಳಿದಿತ್ತು.

“ಜರುಗ್ತಾ ಐತೆ ಕಣೇ, ವಾಯು ದಾರಿ ಹಿಡೀತು” ಎಂದರು ಸೊಸೆ ಸುಚಿತ್ರಾಳಿಗೆ.

“ಮೈ ಸುಡ್ತೈತೆ ಅತ್ತೆ. ಆಸ್ಪತ್ರೆಗೆ ಹೋಗನ ಬನ್ನಿ.”

“ಅಲ್ಲಿ ಫಿನಾಯಿಲ್ ವಾಸ್ನೆ ಮೈಗೆ ಮೆತ್ಕೊಂಡು ಬಂದ್ರೆ ಹುಳ ಉಳೀತವಾ? ಹಣ್ಣಾಗ್ಲಿ, ಚಂದ್ರಿಕೆಗೆ ಬುಟ್ಟು ಬತ್ತೀನಿ.”

“ನನ್ ಬೀಡಿಗೆ ಬಾಗ್ಲು ಹಾಕಿದ್ಲು, ಈಗ ಡಾಕ್ಟ್ರಿಗೂ ಹಾಕವ್ಳೆ” ಎಂದು ಹೊರಗಿನಿಂದ ಕೆಂಚಯ್ಯ ನಕ್ಕ. ಸುಚಿತ್ರಾ ನಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹುಳುಗಳು ಸೊಪ್ಪು ತಿನ್ನುವುದನ್ನು ಬಿಟ್ಟವು. ತಟ್ಟೆಗಳಲ್ಲಿ ಮೇಯುವ ಸದ್ದು ಅಡಗಿ, ಹುಳುಮನೆ ಕಿವಿಗೆ ಬಡಿಯುವಷ್ಟು ನಿಶ್ಶಬ್ದವಾಯಿತು. ಹಣ್ಣಾದ ಹುಳುಗಳನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ ಮುನಿರತ್ನಮ್ಮ ಒಮ್ಮೆಲೇ ನೆಟ್ಟಗಾದರು.

“ನೋವು ಹೋಯ್ತು! ನೋಡ್ದಾ? ನಿನ್ ಡಾಕ್ಟ್ರೂ ಬ್ಯಾಡ, ಏನೂ ಬ್ಯಾಡ.”

ಮುಖ ಗೆಲುವಾಗಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಹುಳುಗಳು ಅವರ ಬೆರಳಿನಿಂದ ಜಾರಿ ನೆಲಕ್ಕೆ ಬೀಳತೊಡಗಿದವು. ಎಂದೂ ಹುಳು ಬೀಳಿಸದ ಕೈ ಅದು. ಹಣೆಯಲ್ಲಿ ತಣ್ಣನೆಯ ಬೆವರು. ಸುಚಿತ್ರಾ ಕೇಳಲು ಹೋಗದೆ ಆಟೋ ಕರೆಸಿದಳು.

ಪಟ್ಟಣದ ಆಸ್ಪತ್ರೆಯಲ್ಲಿ ಹಲಗೆಯಂತೆ ಬಿಗಿದ ಹೊಟ್ಟೆಯ ಮೇಲೆ ಕೈಯಿಟ್ಟು ಡಾಕ್ಟರು ಕೇಳಿದರು: “ನೋವು ಯಾವಾಗಿಂದಮ್ಮ?”

“ಬೆಳಿಗ್ಗೇನೇ ಹೋಯ್ತು ಸ್ವಾಮಿ. ಒತ್ಕೊಂಡೆ, ಇದ್ದಕ್ಕಿದ್ದಂಗೆ ಹಗುರಾಯ್ತು. ಈಗ ಒಸಿ ಸುಸ್ತು, ಅಷ್ಟೇ.”

ಡಾಕ್ಟರ ಕೈ ಅಲ್ಲೇ ನಿಂತಿತು. ಅವರು ಸುಚಿತ್ರಾಳನ್ನು ಪಕ್ಕಕ್ಕೆ ಕರೆದರು. “ಅಪೆಂಡಿಕ್ಸ್ ಒಡೆದಿದೆ. ಒಡೆದಾಗ ನೋವು ಸ್ವಲ್ಪ ಹೊತ್ತು ನಿಲ್ಲುತ್ತೆ. ಅಷ್ಟರಲ್ಲಿ ಕೀವು ಹೊಟ್ಟೆಗೆಲ್ಲ ಹರಡಿದೆ. ಈಗಲೇ ಕೊಯ್ಯಬೇಕು. ಉಳಿಸ್ತೀನಿ ಅಂತ ಮಾತು ಕೊಡಲಾರೆ.”

ಸ್ಟ್ರೆಚರ್ ಆಪರೇಷನ್ ಕೋಣೆಯತ್ತ ಸರಿಯಿತು. ಮುನಿರತ್ನಮ್ಮನ ಕೈ ಮಡಚಿದ ಮಂಡಿಯ ಕೆಳಗಿಳಿದು, ಹೆಬ್ಬೆರಳು ಅದೇ ಜಾಗದಲ್ಲಿ ಊರಿತು. ಜೊತೆಗೆ ಓಡಿಬಂದ ಸೊಸೆಯನ್ನು ಕಂಡು ಅವರು ಗದರಿದರು:

“ಒಳಕ್ಕೆ ಬರ್ಬ್ಯಾಡ, ವಾಸ್ನೆ ಮೆತ್ಕೊತದೆ. ಹುಳದ್ ತಾವ ಹೋಗು.”

ಬಾಗಿಲು ಮುಚ್ಚಿತು.