ಉದ್ದದ ಸ್ಕ್ರೂ

ಈ ರಿಪೇರಿಯಣ್ಣನ ಅಂಗಡಿಗೆ ಹಳೇ ತೆಳು ಲ್ಯಾಪ್‌ಟಾಪ್ ಒಯ್ಯುವವರು ಮೊದಲು ಉಸಿರು ಬಿಗಿಹಿಡಿಯುವುದನ್ನು ಕಲಿತಿರಬೇಕು. ಬ್ಯಾಟರಿ ಬದಲಿಸಿ, ಹೊಸ ಡಿಸ್ಕ್ ಹಾಕಿ ಅದಕ್ಕೆ ಮರುಜೀವ ಕೊಡುವುದರಲ್ಲಿ ಆತನದು ಎತ್ತಿದ ಕೈ. ಆದರೆ ತಳದ ಮುಚ್ಚಳ ಬಿಚ್ಚುವ ಮೊದಲು ಫ್ಯಾನ್ ಆರಿಸುತ್ತಾನೆ, ಬಾಗಿಲು ಎಳೆಯುತ್ತಾನೆ, ಕೆಮ್ಮಿದವರನ್ನು ದುರುಗುಟ್ಟಿ ನೋಡುತ್ತಾನೆ. "ಮೇಜು ಮುಟ್ಟಬೇಡಿ ಅಂದ್ನಲ್ಲ! ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹೋದ್ರೆ ಬೋರ್ಡೇ ತೂತು, ಕಥೆ ಮುಗೀತು!" ಬಿಚ್ಚಿದ ಸ್ಕ್ರೂಗಳನ್ನು ಕಾಗದದ ಮೇಲೆ ಬರೆದ ಲ್ಯಾಪ್‌ಟಾಪಿನ ಚಿತ್ರದಲ್ಲಿ ಅವವುಗಳ ಜಾಗದಲ್ಲೇ ಇಡುತ್ತಾನೆ, ಸೀನು ಬಂದರೆ ಮೂಗು ಹಿಡಿದುಕೊಂಡು ಬೀದಿಗೆ ಓಡುತ್ತಾನೆ. ಇಷ್ಟಾದರೂ ಕೊನೆಯ ಸ್ಕ್ರೂ ತಿರುಗಿಸುವ ಮೊದಲು ಅದನ್ನು ಮೂರು ಸಲ ಅಳೆದು ನೋಡುತ್ತಾನೆ. ಮೊದಲ ಸಲ ನನ್ನ ಲ್ಯಾಪ್‌ಟಾಪ್ ಮುಚ್ಚುವಾಗಲೂ ಹಾಗೇ ಅಳೆದ. "ಯಾಕಣ್ಣಾ ಇಷ್ಟು ಭಯ?" ಅಂದೆ. ಆತ ಸ್ವಿಚ್ ಒತ್ತಿದ, ಪರದೆ ಬೆಳಗಿತು. ಆಮೇಲೆ ಬೆವರೊರೆಸಿಕೊಂಡ. "ಉದ್ದದ ಸ್ಕ್ರೂ ಹಾಕಿ ನಮ್ಮಕ್ಕನ ಲ್ಯಾಪ್‌ಟಾಪ್ ಕೊಂದವನು ನಾನು. ಶಾರ್ಟ್ ಆಗಿ ಡಿಸ್ಕೂ ಸುಟ್ಟುಹೋಯ್ತು, ಅವಳು ವರ್ಷಗಟ್ಟಲೆ ಬರೆದಿದ್ದ ಪುಸ್ತಕವೂ ಅದರ ಜೊತೆ ಹೋಯ್ತು. ಬೈದಿದ್ರೆ ಮರೀತಿದ್ದೆನೋ ಏನೋ, ಒಂದು ಮಾತೂ ಆಡಲಿಲ್ಲ. ಅದಿರಲಿ, ನಿಮ್ಮನ್ನ ಇಲ್ಲಿಗೆ ಕಳಿಸಿದ್ದು ಯಾರು?" "ನಮ್ಮ ಆಫೀಸಿನ ಮೇಡಂ," ಅಂದು ಅವರು ವಿಳಾಸ ಬರೆದುಕೊಟ್ಟ ಚೀಟಿ ತೋರಿಸಿದೆ. ಆ ಕೈಬರಹ ನೋಡಿ ಆತ ಸ್ಕ್ರೂಡ್ರೈವರ್ ಕೆಳಗಿಟ್ಟ. "ಅವಳೇ ನಮ್ಮಕ್ಕ. ಇವತ್ತಿಗೂ ಎಲ್ಲರನ್ನೂ ನನ್ನ ಹತ್ತಿರವೇ ಕಳಿಸ್ತಾಳೆ."