ಕೈಗಡ ಕೊಟ್ಟ ತಾಸುಗಳು

ಶಹಾಪುರದ ಆ ಹೈಸ್ಕೂಲಿನಲ್ಲಿ ಮೇ ತಿಂಗಳ ಕೊನೆಗೆ ಎಲ್ಲರಿಗಿಂತ ಮೊದಲು ಬೀಗ ತೆಗೆಸುವವನು ಡ್ರಾಯಿಂಗ್ ಮಾಸ್ತರ ಅಂಬ್ರಪ್ಪ. ಉಳಿದವರು ಶಾಲೆ ಶುರುವಾಗುವ ದಿನ ಶರ್ಟಿಗೆ ಇಸ್ತ್ರಿ ಹೊಡೆಸಿಕೊಂಡು ಬಂದರೆ ನಡೆಯುತ್ತದೆ. ಇವನಿಗೆ ಹಾಗಲ್ಲ. ಬೇಸಿಗೆಯಲ್ಲಿ ಬಣ್ಣದ ಡಬ್ಬಿಗಳು ಒಣಗಿ ಕಲ್ಲಾಗಿರುತ್ತವೆ, ಬ್ರಷ್ಷುಗಳು ಕಡ್ಡಿಯಾಗಿರುತ್ತವೆ. ಕರಿಹಲಗೆಗೆ ಹೊಸ ಬಣ್ಣ ಬಳಿಯಬೇಕು, ಬಾಗಿಲ ಮೇಲೆ ಸ್ವಾಗತ ಬರೆಯಬೇಕು. ಇಷ್ಟೆಲ್ಲ ಮಾಡಿದ ಮೇಲೂ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು, "ನಿಮ್ಮದು ಆರಾಮ ನೌಕರಿ ಬಿಡ್ರಿ" ಅನ್ನದೆ ಚಹಾ ಕುಡಿಯುವುದಿಲ್ಲ.

ಅಂಬ್ರಪ್ಪ ಶಿರವಾಳದವನು. ಹಳೆಯ ಗುಡಿಗಳ ಕಂಬದ ಮೇಲಿನ ಬಳ್ಳಿ, ಹಂಸಗಳನ್ನು ಇದ್ದಿಲಿನಿಂದ ಬಂಡೆಯ ಮೇಲೆ ತಿದ್ದುತ್ತ ಬೆಳೆದವನು. ಕೂಲಿ ಮಾಡುತ್ತಿದ್ದ ತಾಯಿ ಮರಿಲಿಂಗಮ್ಮ, "ಚಿತ್ರ ತಗದ್ರ ಹೊಟ್ಟಿ ತುಂಬತದೇನು?" ಎಂದು ಬಯ್ಯುತ್ತಲೇ ಅವನನ್ನು ಕಲಬುರಗಿಗೆ ಚಿತ್ರಕಲೆ ಓದಲು ಕಳಿಸಿದಳು. ಹೊಟ್ಟೆಯೂ ತುಂಬಿತು, ಮನಸ್ಸೂ ತುಂಬಿತು. ಪ್ರತಿ ಜೂನಿನಲ್ಲಿ ಎಂಟನೆಯ ತರಗತಿಗೆ ಹೊಸದಾಗಿ ಬಂದ ಮಕ್ಕಳನ್ನು ಅವನು ಮೈದಾನಕ್ಕೆ ಕರೆದೊಯ್ದು ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಎದುರು ಕೂರಿಸುತ್ತಿದ್ದ. ಹುಟ್ಟಿದಾಗಿನಿಂದ ಅದನ್ನು ನೋಡುತ್ತ ಬಂದ ಮಕ್ಕಳಿಗೂ ಬುದ್ಧನ ಮೂಗು ಬರೆಯಲು ಬರುತ್ತಿರಲಿಲ್ಲ. ಕಣ್ಣಿದ್ದೂ ನೋಡಿಲ್ಲವಲ್ಲ ಎಂದು ಅವರೇ ನಗುತ್ತಿದ್ದರು. ಆ ಒಂದು ನಗುವಿಗಾಗಿ ಅವನು ವರ್ಷವಿಡೀ ಕಾಯುತ್ತಿದ್ದ.

ಗಣಿತದ ಮಾಸ್ತರ ತಿರುಪತಿ ಅವನ ಜೀವದ ಗೆಳೆಯ. ಶಾಲೆಗೆ ಬರುವುದು ಒಂದೇ ಬೈಕಿನಲ್ಲಿ, ಉಣ್ಣುವುದು ಒಂದೇ ಡಬ್ಬಿಯ ರೊಟ್ಟಿ. ದೀಪಾವಳಿ ಕಳೆದರೆ ಸಾಕು, ತಿರುಪತಿ ಡ್ರಾಯಿಂಗ್ ಕೋಣೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. "ದೋಸ್ತ, ಹತ್ತನೇ ಕ್ಲಾಸಿನ ಪೋರ್ಷನ್ ಮುಗದಿಲ್ಲ. ನಿನ್ನ ತಾಸು ಕೊಡೋ." ಅಂಬ್ರಪ್ಪ ಕೊಡುತ್ತಿದ್ದ. ಗಣಿತದಲ್ಲಿ ಫೇಲಾದ ಹುಡುಗಿಯರಿಗೆ ಮನೆಯವರು ಗಂಡು ಹುಡುಕುತ್ತಾರೆ, ಚಿತ್ರ ಬರದಿದ್ದರೆ ಯಾರ ಬದುಕೂ ನಿಲ್ಲುವುದಿಲ್ಲ ಎಂಬುದು ಅವನ ಸಮಾಧಾನ. ಬರುಬರುತ್ತ ದಸರೆಯಿಂದಲೇ ಕೇಳುವುದು ಶುರುವಾಯಿತು, ಎಂಟು, ಒಂಬತ್ತನೆಯವರ ತಾಸೂ ಹೋಯಿತು. ವೇಳಾಪಟ್ಟಿಯಲ್ಲಿ ಮಾತ್ರ ಡ್ರಾಯಿಂಗ್ ಎಂದೇ ಇತ್ತು.

ಈ ವರ್ಷ ಅವನು ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಕುಳಿತಿದ್ದಾಗ ಮುಖ್ಯೋಪಾಧ್ಯಾಯಿನಿ ರೇಣುಕಾದೇವಿ ಕರೆಸಿದರು.

"ಸರ್, ನಿಮ್ಮನ್ನ ಕಕ್ಕೇರಾದಾಗಿನ ನಮ್ಮ ಸಂಸ್ಥೆ ಸಾಲಿಗೆ ಹಾಕ್ಯಾರ್ರಿ. ಅಲ್ಲಿ ಆಫೀಸ್ ಕೆಲಸ ನೋಡಬೇಕಂತ."

"ಮತ್ತ ಇಲ್ಲಿ ಡ್ರಾಯಿಂಗ್?"

"ತಗದಾರ್ರಿ. ಈ ಸಲ ಮಕ್ಕಳು ಕಡಿಮಿ ಆಗ್ಯಾರ, ನೀವು, ತಿರುಪತಿ ಸರ್ ಇಬ್ಬರಾಗ ಒಬ್ಬರು ಹೆಚ್ಚುವರಿ ಆಗ್ತಿದ್ರು. ದಸರಾ ದಾಟಿದ ಮ್ಯಾಲ ಡ್ರಾಯಿಂಗ್ ಪಾಠ ನಡಿಯೋದೇ ಇಲ್ಲ, ಆ ತಾಸೆಲ್ಲಾ ನಾನ ತಗೊಳ್ಳಾಕತ್ತೇನಿ ಅಂತ ತಿರುಪತಿ ಸರ್ ಸಂಸ್ಥೆ ಕಮಿಟಿ ಮುಂದ ಹೇಳ್ಯಾರ."

"ಅಂವ ಕೇಳಿದ್ದಕ್ಕ ನಾನ ಕೊಟ್ಟೀನ್ರಿ ಮೇಡಂ."

ರೇಣುಕಾದೇವಿ ಕೆಟ್ಟವರಲ್ಲ. ದನಿ ತಗ್ಗಿಸಿದರು. "ಹಂಗಂತ ಕಮಿಟಿಗೆ ಹೇಳಬ್ಯಾಡ್ರಿ ಸರ್. ಪಗಾರ ತಗೊಂಡು ಪಾಠ ಮಾಡಿಲ್ಲ ಅಂತ ನೀವ ಒಪ್ಪಿಕೊಂಡಂಗ ಆಗ್ತದ."

ಮಾಡಿದ ಉಪಕಾರವನ್ನು ಬಾಯಿಬಿಟ್ಟು ಹೇಳಿದರೆ ಅದೇ ತಪ್ಪೊಪ್ಪಿಗೆ. ಹೋದ ವಾರವಷ್ಟೇ ಬಳಿಚಕ್ರ ಎಂಬ ಊರಿನ ಮದುವೆಗೆ ಇಬ್ಬರೂ ಅದೇ ಬೈಕಿನಲ್ಲಿ ಹೋಗಿ ಬಂದಿದ್ದರು. ಈ ಸಲ ಮಕ್ಕಳಿಗೆ ಜಲವರ್ಣ ಕಲಿಸುತ್ತೇನೆ ಎಂದು ಇವನು ಹಿಂದೆ ಕುಳಿತು ದಾರಿಯುದ್ದಕ್ಕೂ ಹರಟಿದ್ದ. ಮುಂದೆ ಕುಳಿತವನು ಎಲ್ಲ ಗೊತ್ತಿದ್ದೂ, "ಕಲಿಸು, ಕಲಿಸು" ಅಂದಿದ್ದ. ಡ್ರಾಯಿಂಗ್ ಹೋದದ್ದಕ್ಕಿಂತ ಆ ಮಾತು ಹೆಚ್ಚು ಉರಿಯಿತು.

ತಿರುಪತಿ ಹೊರಗೆ ಬೇವಿನ ಗಿಡದ ಕೆಳಗೆ ಬೈಕಿನ ಹತ್ತಿರ ನಿಂತಿದ್ದ. ಗೆಳೆಯನ ಮುಖ ನೋಡಿದ ಕೂಡಲೇ ತಾನೇ ಬಾಯಿ ತೆಗೆದ.

"ನಾ ಏನರ ಸುಳ್ಳು ಹೇಳೀನೇನು ಅಂಬ್ರಪ್ಪ?"

"ಇಲ್ಲ."

"ಇಬ್ಬರಾಗ ಒಬ್ಬರು ಹೋಗಬೇಕಿತ್ತು. ಗಣಿತ ಇಲ್ಲದ ಸಾಲಿ ನಡೀತದೇನು? ನನ್ನ ಜಾಗದಾಗ ನೀ ಇದ್ರ ನೀನೂ ಇದನ್ನ ಮಾಡ್ತಿದ್ದಿ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಪಾಳಕ್ಕೆ ಹೊಡೆಯೋಣವೆಂದರೂ ಅಂಬ್ರಪ್ಪನಿಗೆ ನೆಪ ಸಿಗಲಿಲ್ಲ. ಬೈಕಿನ ಹಿಂದಿನ ಸೀಟಿನ ಮೇಲೆ ಕೈಯಿಟ್ಟು ಹೇಳಿದ.

"ಇಷ್ಟ ವರ್ಷ ನೀ ಕೇಳಿದಾಗೊಮ್ಮಿ ಕೊಟ್ಟೀನಿ ತಿರುಪತಿ. ಇದನ್ನೂ ಬಾಯಿಬಿಟ್ಟು ಕೇಳಬೇಕಿತ್ತು. ನಾನ ಕಮಿಟಿಗೆ ಹೇಳಿ ಕಕ್ಕೇರಾಕ್ಕ ಹೋಗ್ತಿದ್ದೆ."

ತಿರುಪತಿ ಒಂದು ಹೆಜ್ಜೆ ಹತ್ತಿರ ಬಂದ. "ಖರೇನ?"

"ಖರೇನ."

ಎಲ್ಲಿಯ ಖರೆ. ಯಾರು ಕೇಳಿದ್ದರೂ ಅವನು ಈ ಶಾಲೆ ಬಿಡುತ್ತಿರಲಿಲ್ಲ, ಕಮಿಟಿಯವರ ಎದುರು ನಿಂತು ಜಗಳ ಕಾಯುತ್ತಿದ್ದ. ಆದರೆ ತಿರುಪತಿ ನಂಬಿಬಿಟ್ಟ. ಬೈಕು ಹತ್ತದೆ ಗಿಡದ ಕಟ್ಟೆಯ ಮೇಲೆ ಕುಸಿದು ಕುಳಿತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಂಬ್ರಪ್ಪ ಅವನನ್ನು ಅಲ್ಲೇ ಬಿಟ್ಟು ನಡೆದುಕೊಂಡು ಮನೆಯ ದಾರಿ ಹಿಡಿದ. ಆ ದಿನ ಆ ಶಾಲೆಯಲ್ಲಿ ಸುಳ್ಳು ಹೇಳಿದವನು ಅವನೊಬ್ಬನೇ.